ಗೇರ್‌ಬಾಕ್ಸ್ ಇಳಿಸುವ ಮುಂಚೆ: ಹಳದಿ ಬೋರ್ಡಿನ ಮಾಲೀಕ-ಚಾಲಕರಿಗೆ ಒಂದು ಬಹಿರಂಗ ಪತ್ರ

ಸ್ವಂತ ಗಾಡಿ ಇಟ್ಟುಕೊಂಡು, ತಾವೇ ಓಡಿಸಿ, ಅದರಲ್ಲೇ ಸಂಸಾರ ಸಾಗಿಸುತ್ತಿರುವ ಅಣ್ಣತಮ್ಮಂದಿರಿಗೆ, ಈಚೆಗೆ ಸ್ಟೀರಿಂಗ್ ಹಿಡಿದಿರುವ ಅಕ್ಕತಂಗಿಯರಿಗೆ,

ಹಾಸನದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಇಂಜಿನ್ ಕೆಲಸ ಮಾಡುವುದಿಲ್ಲ, ಡೆಂಟಿಂಗ್-ಪೇಂಟಿಂಗ್ ಇಲ್ಲ. ಬರೀ ಗೇರ್‌ಬಾಕ್ಸು, ಕ್ಲಚ್ಚು, ಆಕ್ಸಲ್ಲು. ಶಿರಾಡಿ, ಚಾರ್ಮಾಡಿ, ಬಿಸಿಲೆ ಹತ್ತಿ ಇಳಿಯುವ ಗಾಡಿಗಳು ಇರುವ ತನಕ ಈ ಕೆಲಸಕ್ಕೆ ಬರ ಬರುವುದಿಲ್ಲ, ಹಾಗಾಗಿ ಗಿರಾಕಿ ಹಿಡಿಯಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮಲ್ಲಿ ಎಷ್ಟೋ ಜನ ನನ್ನ ಬಳಿ ಬರುವ ಹೊತ್ತಿಗೆ ಕೈಯಲ್ಲೊಂದು ಎಸ್ಟಿಮೇಟ್ ಚೀಟಿ ಇರುತ್ತದೆ. ಅದರಲ್ಲಿ ಒಂದೇ ಸಾಲು: ಗೇರ್‌ಬಾಕ್ಸ್ ಅಸೆಂಬ್ಲಿ ಬದಲಾವಣೆ. ಯಾವ ಗೇರಿನಲ್ಲಿ ಸದ್ದು, ಯಾವ ವೇಗದಲ್ಲಿ, ಕ್ಲಚ್ ಒತ್ತಿದಾಗಲೋ ಬಿಟ್ಟಾಗಲೋ ಎಂದು ಚೀಟಿ ಕೊಟ್ಟವರೂ ಬರೆದಿರುವುದಿಲ್ಲ, ತಂದವರನ್ನು ಕೇಳಿದರೂ ಉತ್ತರ ಬರುವುದಿಲ್ಲ. ‘ಒಟ್ಟಿನಲ್ಲಿ ಸೌಂಡ್ ಬರ್ತಿದೆ ಸಾರ್’ ಅಷ್ಟೇ. ಅಷ್ಟಕ್ಕೇ ಕೈಸಾಲ ಹುಡುಕಲು ಹೊರಟಿರುತ್ತೀರಿ.

ಎಸ್ಟಿಮೇಟ್ ಕೊಟ್ಟವರೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ದೊಡ್ಡ ಸರ್ವಿಸ್ ಸೆಂಟರುಗಳ ಲೆಕ್ಕಾಚಾರವೇ ಬೇರೆ. ಗೇರ್‌ಬಾಕ್ಸ್ ಬಿಚ್ಚಿ, ಒಂದೊಂದೇ ಬೇರಿಂಗ್ ಎಳೆದು, ಶಿಮ್ ಅಳತೆ ನೋಡಿ ಮತ್ತೆ ಕೂರಿಸುವ ಕೈ ಇವತ್ತು ಎಲ್ಲ ಕಡೆ ಸಿಗುವುದಿಲ್ಲ. ಕೂರಿಸಿದ ಮೇಲೆ ಮತ್ತೆ ಸದ್ದು ಬಂದರೆ ಗಿರಾಕಿ ಬಂದು ಕೂಗಾಡುತ್ತಾನೆ. ಇಡೀ ಅಸೆಂಬ್ಲಿ ಹಾಕಿಬಿಟ್ಟರೆ ಎರಡು ದಿನದಲ್ಲಿ ಗಾಡಿ ಆಚೆ ಹೋಗುತ್ತದೆ, ಅದರ ವಾರಂಟಿ ಕಂಪನಿಯ ತಲೆಗೆ. ಅವರಿಗೆ ಅದು ಸುಲಭದ ದಾರಿ, ಸರಿಯೇ. ಆದರೆ ದುಡ್ಡು ನಿಮ್ಮದು. ಸಾವಿರ ಚಿಲ್ಲರೆಯ ಬೇರಿಂಗಿಗೆ ಇಡೀ ಪೆಟ್ಟಿಗೆಯ ಬೆಲೆ ತೆತ್ತು, ಆರು ತಿಂಗಳ ಈಎಂಐ ಅಡಿಮೇಲಾಗುವುದನ್ನು ನೋಡಿ ನೋಡಿ ಈ ಪತ್ರ ಬರೆಯಲು ಕೂತೆ.

ನಾನು ಹೇಳಬೇಕಿರುವುದು ಇಷ್ಟೇ. ಸದ್ದು ಎಂಥದ್ದು ಎನ್ನುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದೇ ದೊಡ್ಡ ಸುಳಿವು. ಮೆಕ್ಯಾನಿಕ್ ಗಾಡಿಯನ್ನು ಹತ್ತು ನಿಮಿಷ ಓಡಿಸಿ ನೋಡುತ್ತಾನೆ. ನೀವು ದಿನಕ್ಕೆ ಹತ್ತು ಗಂಟೆ ಅದರೊಳಗೇ ಇರುತ್ತೀರಿ. ಆ ಸುಳಿವು ನಿಮ್ಮ ಕಿವಿಯಲ್ಲಿರುತ್ತದೆ, ಹೊರಗೆ ತೆಗೆಯುವ ಕ್ರಮ ಗೊತ್ತಿರಬೇಕು ಅಷ್ಟೇ.

ಮೊದಲ ಪ್ರಶ್ನೆ, ಸದ್ದು ಗೇರ್‌ಬಾಕ್ಸಿನದೇ ಹೌದಾ? ‘ಗೇರ್‌ಬಾಕ್ಸ್ ಕೂಗ್ತಿದೆ’ ಎಂದು ಬರುವ ಗಾಡಿಗಳಲ್ಲಿ ಗೇರ್‌ಬಾಕ್ಸನ್ನು ಮುಟ್ಟದೆಯೇ ವಾಪಸ್ ಕಳಿಸಿದವು ಬೇಕಾದಷ್ಟಿವೆ. ಮೊನ್ನೆ ಮಳೆಗಾಲದಲ್ಲಿ ಸಕಲೇಶಪುರದ ಹುಡುಗನೊಬ್ಬ ಡಿಸೈರ್ ತಂದ. ಅರವತ್ತಕ್ಕೆ ಹೋದರೆ ‘ಹೂಂ’ ಎಂದು ಶುರು, ಎಂಬತ್ತಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಬೇರೆ ಕಡೆ ಇಡೀ ಬಾಕ್ಸಿಗೆ ಎಸ್ಟಿಮೇಟ್ ಆಗಿತ್ತು. ಬೇಲೂರು ರಸ್ತೆಯಲ್ಲಿ ಖಾಲಿ ಜಾಗ ಸಿಕ್ಕ ಕಡೆ ಅವನಿಗೆ ಅರವತ್ತರಲ್ಲಿ ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ, ಕ್ಲಚ್ ಬಿಡಲು ಹೇಳಿದೆ. ಇಂಜಿನ್ ಐಡಲಿಗೆ ಇಳಿಯಿತು, ಹೂಂಕಾರ ಮಾತ್ರ ಹಾಗೇ ಇತ್ತು. ಗಾಡಿ ನಿಧಾನವಾದ ಹಾಗೆ ಅದೂ ನಿಧಾನವಾಯಿತು. ಇಂಜಿನ್ ಜೊತೆ ಏರದೆ, ಚಕ್ರದ ಜೊತೆ ಏರಿಳಿಯುವ ಸದ್ದು ಅದು. ಮತ್ತೆ ಅರವತ್ತಕ್ಕೆ ಹೋಗಿ, ಎದುರು ಗಾಡಿ ಇಲ್ಲದ್ದು ನೋಡಿ, ಸ್ಟೀರಿಂಗನ್ನು ಹಗುರವಾಗಿ ಎಡಕ್ಕೆ ಬಲಕ್ಕೆ ಆಡಿಸಲು ಹೇಳಿದೆ. ಎಡಕ್ಕೆ ತಿರುಗಿದಾಗ ಸದ್ದು ಜೋರು, ಬಲಕ್ಕೆ ತಿರುಗಿದಾಗ ಹೆಚ್ಚುಕಡಿಮೆ ಮಾಯ. ಎಡಕ್ಕೆ ತಿರುಗಿದರೆ ಗಾಡಿಯ ತೂಕ ಬಲಗಡೆಗೆ ವಾಲುತ್ತದೆ. ಹಾಗಾಗಿ ಅನುಮಾನ ಬಲಗಡೆಯ ಮುಂದಿನ ಚಕ್ರದ ಮೇಲೆ ಹೋಯಿತು.

ಶೆಡ್ಡಿಗೆ ಬಂದು, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ ಸ್ಟ್ಯಾಂಡ್ ಕೊಟ್ಟೆ. ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದರೆ ಬೇರಿಂಗಿನ ಸ್ಥಿತಿ ಸ್ಪ್ರಿಂಗಿನ ಮೂಲಕ ಬೆರಳಿಗೆ ಬರುತ್ತದೆ. ಕಿವಿಗೆ ಕೇಳದ್ದೂ ಅಲ್ಲಿ ಗೊತ್ತಾಗುತ್ತದೆ. ಎಡಗಡೆ ನುಣ್ಣಗಿತ್ತು. ಬಲಗಡೆ ಸ್ಪ್ರಿಂಗ್ ಜರಜರ ಅಂದಿತು. ಆ ಹುಡುಗನ ಕೈಯನ್ನೇ ಅಲ್ಲಿಡಿಸಿದೆ. ಅವನು ಒಮ್ಮೆ ಎಡಕ್ಕೆ ಹೋಗಿ ಮುಟ್ಟಿದ, ಮತ್ತೆ ಬಲಕ್ಕೆ ಬಂದು ಮುಟ್ಟಿದ, ಜೇಬಿನಿಂದ ಎಸ್ಟಿಮೇಟ್ ಚೀಟಿ ತೆಗೆದು ಮತ್ತೊಮ್ಮೆ ಓದಿದ. ಸಂಜೆಗೆ ವೀಲ್ ಬೇರಿಂಗ್ ಹಾಕಿಸಿಕೊಂಡು ಹೋದ.

ಈ ನ್ಯೂಟ್ರಲ್ ಪರೀಕ್ಷೆ ಮಾಡುವವರಿಗೆ ಒಂದು ಮಾತು. ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ. ಘಾಟಿಯಲ್ಲಿ, ಇಳಿಜಾರಿನಲ್ಲಿ ಬೇಡವೇ ಬೇಡ. ಕೀ ಆಫ್ ಮಾಡಿ ನೋಡುವುದಂತೂ ಎಲ್ಲೂ ಬೇಡ. ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕಿಗೆ ಬೂಸ್ಟರ್ ಬಲ ಉಳಿಯುವುದಿಲ್ಲ.

ಹೂಂಕಾರ ಟಯರಿನದೂ ಆಗಿರಬಹುದು. ಅಲೈನ್‌ಮೆಂಟ್ ತಪ್ಪಿ ಅಥವಾ ಶಾಕ್ ಅಬ್ಸಾರ್ಬರ್ ಸತ್ತು ಟಯರ್ ಅಲೆಅಲೆಯಾಗಿ ಸವೆದಿದ್ದರೆ ಬೇರಿಂಗಿನಂತೆಯೇ ಕೂಗುತ್ತದೆ. ಅಂಗೈಯಿಂದ ಟಯರಿನ ಮೇಲ್ಮೈಯನ್ನು ಮುಂದಕ್ಕೂ ಹಿಂದಕ್ಕೂ ಸವರಿ ನೋಡಿ, ಗರಗಸದ ಹಲ್ಲಿನ ಹಾಗೆ ತಾಗಿದರೆ ಅಲ್ಲೇ ಇದೆ ವಿಷಯ. ಶಿರಾಡಿಯ ಕಾಂಕ್ರೀಟಿನ ಮೇಲೆ ಒಂದು ದನಿ, ಡಾಂಬರಿನ ಮೇಲೆ ಇನ್ನೊಂದು ದನಿ ಬಂದರೂ ಟಯರಿನ ಮೇಲೇ ಅನುಮಾನ ಪಡಿ. ಮುಂದಿನ ಟಯರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದರೆ ಸದ್ದೂ ಜಾಗ ಬದಲಾಯಿಸುತ್ತದೆ.

ಪೂರ್ತಿ ಸ್ಟೀರಿಂಗ್ ತಿರುಗಿಸಿ ಎಕ್ಸಲರೇಟರ್ ಕೊಟ್ಟಾಗ ‘ಟಕ್ ಟಕ್ ಟಕ್’ ಬಂದರೆ ಅದು ಆಕ್ಸಲ್ಲಿನ ಹೊರಗಡೆಯ ಸಿವಿ ಜಾಯಿಂಟ್. ಚಕ್ರದ ಹಿಂದೆ ಬಗ್ಗಿ ನೋಡಿ, ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತ ಎರಚಿರುತ್ತದೆ. ಕ್ಲಚ್ ಬಿಟ್ಟಾಗ ಒಂದೇ ಒಂದು ‘ಧಡ್’ ಬಂದು ಆಮೇಲೆ ಸುಮ್ಮನಾದರೆ ಇಂಜಿನ್ ಮೌಂಟಿಂಗ್ ನೋಡಿಸಿ. ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗ್ ಹಿಡಿದು ಅಲ್ಲಾಡಿಸಿ. ಇವುಗಳಲ್ಲಿ ಯಾವುದಕ್ಕೂ ಗೇರ್‌ಬಾಕ್ಸ್ ಬಿಚ್ಚಬೇಕಿಲ್ಲ.

ಇಷ್ಟೆಲ್ಲ ದಾಟಿಯೂ ಸದ್ದು ಉಳಿದರೆ ಆಗ ಒಳಗೆ ಹೋಗೋಣ. ಇದಕ್ಕೆ ಗಾಡಿ ಓಡಿಸಬೇಕಾಗಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ, ಇಂಜಿನ್ ಬಿಸಿಯಾದ ಮೇಲೆ, ಎಸಿ ಮತ್ತು ಹಾಡು ಬಂದ್ ಮಾಡಿ ಕೂತುಕೊಳ್ಳಿ. ಕ್ಲಚ್ ಮೇಲಿಂದ ಕಾಲು ಪೂರ್ತಿ ತೆಗೆಯಿರಿ. ಈಗ ಇಂಜಿನ್ ಜೊತೆ ಕ್ಲಚ್ ಪ್ಲೇಟ್, ಅದರ ಜೊತೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಎಲ್ಲ ತಿರುಗುತ್ತಿವೆ. ಆದರೆ ರಿಲೀಸ್ ಬೇರಿಂಗಿನ ಮೇಲೆ ಭಾರ ಇಲ್ಲ. ಈಗ ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಇನ್‌ಪುಟ್ ಶಾಫ್ಟ್ ನಿಂತುಬಿಡುತ್ತದೆ, ರಿಲೀಸ್ ಬೇರಿಂಗಿನ ಮೇಲೆ ಪೂರ್ತಿ ಭಾರ ಬೀಳುತ್ತದೆ. ಒಂದೇ ಪೆಡಲಿನಲ್ಲಿ ಒಂದು ಬೇರಿಂಗನ್ನು ಮಲಗಿಸಿ ಇನ್ನೊಂದನ್ನು ಎಬ್ಬಿಸಿದಂತಾಯಿತು.

ಕಾಲು ತೆಗೆದಾಗ ‘ಗುಂಯ್’ ಅಂದು, ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗಿನ ಮೇಲೆ ಬಲವಾದ ಅನುಮಾನ. ಅದು ಗೇರ್‌ಬಾಕ್ಸಿನ ಒಳಗಿನ ಕೆಲಸ ನಿಜ, ಆದರೆ ಬೇರಿಂಗ್ ಕೆಲಸ, ಬಾಕ್ಸ್ ಬದಲಿಸುವ ಕೆಲಸವಲ್ಲ. ಒತ್ತಿದಾಗ ಮಾತ್ರ ‘ಚಿರ್ರ್’ ಅಂದು, ಬಿಟ್ಟಾಗ ನಿಂತರೆ ರಿಲೀಸ್ ಬೇರಿಂಗ್. ಅದು ಗೇರ್‌ಬಾಕ್ಸಿಗೆ ಸೇರಿದ್ದೇ ಅಲ್ಲ, ಕ್ಲಚ್ಚಿನದು. ಬಾಕ್ಸನ್ನು ಕೆಳಗಿಳಿಸದೆ ಕೈಗೆ ಸಿಗುವುದಿಲ್ಲ, ಹಾಗಾಗಿ ಕೂಲಿ ಜಾಸ್ತಿ, ಸಾಮಾನು ಕಮ್ಮಿ. ಹೇಗೂ ಇಳಿಸಿದ್ದೀರಿ ಅಂದಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸುವುದು ಬುದ್ಧಿವಂತಿಕೆ. ಇದರಲ್ಲಿ ಮಾತ್ರ ಜಿಪುಣತನ ಬೇಡ, ಎಂಟು ತಿಂಗಳಿಗೆ ಪ್ಲೇಟ್ ಸವೆದರೆ ಅದೇ ಇಳಿಸುವ ಕೂಲಿಯನ್ನು ಇನ್ನೊಂದು ಸಲ ಕೊಡುತ್ತೀರಿ. ಅಂದಹಾಗೆ ಸಿಗ್ನಲ್ಲಿನಲ್ಲಿ ಗೇರ್ ಹಾಕಿಯೇ ಕ್ಲಚ್ ಒತ್ತಿಕೊಂಡು ನಿಲ್ಲುವ ಚಾಳಿ, ಓಡುವಾಗ ಪೆಡಲಿನ ಮೇಲೆ ಕಾಲು ಇಟ್ಟೇ ಇರುವ ಚಾಳಿ ಈ ಬೇರಿಂಗನ್ನು ತಿನ್ನುತ್ತದೆ. ಬೆಂಗಳೂರಿನ ಗಾಡಿಗಳಲ್ಲಿ ಇದು ಜಾಸ್ತಿ. ಅಲ್ಲಿನ ಟ್ರಾಫಿಕ್ಕನ್ನು ಬೈಯುವುದೋ ಡ್ರೈವರನ್ನು ಬೈಯುವುದೋ ನನಗಿನ್ನೂ ತೀರ್ಮಾನವಾಗಿಲ್ಲ.

ಮೂರನೆಯ ಬಗೆ ಒಂದಿದೆ, ಜನ ಹೆಚ್ಚು ಏಮಾರುವುದು ಇಲ್ಲೇ. ಕಾಲು ತೆಗೆದಾಗ ಗುಂಯ್ ಅಲ್ಲ, ಹಗುರವಾದ ‘ಕಟಕಟಕಟ’. ಒತ್ತಿದರೆ ಇದೂ ನಿಲ್ಲುತ್ತದೆ, ಹಾಗಾಗಿ ಬಾಕ್ಸ್ ಎಂದೇ ಅನ್ನಿಸುತ್ತದೆ. ಇಂಜಿನ್ನಿನ ಹೊಡೆತ, ಅದರಲ್ಲೂ ಡೀಸೆಲ್ಲಿನದು, ನುಣ್ಣಗಿರುವುದಿಲ್ಲ. ಒಂದೊಂದು ಸಿಲಿಂಡರ್ ಉರಿದಾಗಲೂ ಒಂದು ಜರ್ಕ್. ಆ ಜರ್ಕ್ ನೇರ ಗೇರುಗಳಿಗೆ ಹೋಗದ ಹಾಗೆ ತಡೆಯಲು ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗ್‌ಗಳಿರುತ್ತವೆ, ಕೆಲವು ಗಾಡಿಗಳಲ್ಲಿ ಎರಡು ಪದರದ ಫ್ಲೈವೀಲ್ ಇರುತ್ತದೆ. ಅವು ಸಡಿಲಾದರೆ ಯಾವ ಭಾರವೂ ಇಲ್ಲದೆ ಸುಮ್ಮನೆ ತಿರುಗುತ್ತಿರುವ ಗೇರುಗಳ ಹಲ್ಲು ಒಂದಕ್ಕೊಂದು ಬಡಿದು ಕಟಕಟ ಅನ್ನುತ್ತವೆ. ಗೇರುಗಳು ಗಟ್ಟಿಯಾಗೇ ಇರುತ್ತವೆ, ಕಾಯಿಲೆ ಪ್ಲೇಟಿನದ್ದು ಅಥವಾ ಫ್ಲೈವೀಲಿನದ್ದು. ಇಂಥ ಗಾಡಿಗೆ ಹೊಸ ಬಾಕ್ಸ್ ಹಾಕಿ, ಹಳೆ ಪ್ಲೇಟನ್ನೇ ಕೂರಿಸಿದರೆ ಸದ್ದು ಹಾಗೇ ಇರುತ್ತದೆ.

ಇನ್ನು ಓಡಿಸುತ್ತಾ ಕೇಳುವ ಸದ್ದು. ಒಂದೇ ಒಂದು ಗೇರಿನಲ್ಲಿ ಬಂದು ಉಳಿದವುಗಳಲ್ಲಿ ಇಲ್ಲದಿದ್ದರೆ ಆ ಒಂದು ಗೇರಿನ ಹಲ್ಲೋ, ಅದರ ಒಳಗಿನ ಸೂಜಿ ಬೇರಿಂಗೋ ಇರಬೇಕು. ಎಲ್ಲ ಗೇರಿನಲ್ಲೂ ಬಂದರೆ ಶಾಫ್ಟಿನ ಬೇರಿಂಗ್. ಸುಮೋ, ಬೊಲೆರೊ, ಕ್ವಾಲಿಸ್, ಹಳೆ ಇನ್ನೋವಾ ಇಟ್ಟುಕೊಂಡವರಿಗೆ ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ಎಳೆಯುವ ಇಂಥ ಐದು ಗೇರಿನ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು. ಇಂಜಿನ್ನಿಂದ ಬಂದ ಶಾಫ್ಟ್ ಮೇನ್ ಶಾಫ್ಟಿಗೆ ನೇರವಾಗಿ ಲಾಕ್ ಆಗುತ್ತದೆ. ಕೆಳಗಿನ ಕೌಂಟರ್ ಶಾಫ್ಟ್ ಆಗಲೂ ತಿರುಗುತ್ತಿರುತ್ತದೆ, ಆದರೆ ಭಾರ ಹೊರುವುದಿಲ್ಲ. ಮೂರರಲ್ಲಿ, ಐದರಲ್ಲಿ ಕೂಗಿ ನಾಲ್ಕರಲ್ಲಿ ಮಾತ್ರ ಗಾಡಿ ತಣ್ಣಗಾದರೆ ಕೌಂಟರ್ ಶಾಫ್ಟಿನ ಬೇರಿಂಗ್ ಎಂದು ಹೆಚ್ಚುಕಡಿಮೆ ಬರೆದುಕೊಡಬಹುದು. ಸ್ವಿಫ್ಟ್, ಎಟಿಯೋಸ್, ಐ10 ತರಹದ ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಈ ನೇರ ಗೇರು ಇಲ್ಲ, ಅವುಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಎಕ್ಸಲರೇಟರ್ ಕೊಟ್ಟಾಗ ಒಂದು ದನಿ, ಕಾಲು ಎತ್ತಿದ ಕೂಡಲೇ ಬೇರೆ ದನಿ ಅಥವಾ ಮೌನ ಎಂದಾದರೆ ಡಿಫರೆನ್ಷಿಯಲ್ ಕಡೆ ನೋಡಿ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳಿಗೆ ಎಳೆಯುವಾಗ ಒಂದು ಮೈ, ಇಂಜಿನ್ ತಡೆಯುವಾಗ ಇನ್ನೊಂದು ಮೈ ತಾಗುತ್ತದೆ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ಮಾತ್ರ ಕೂಗುತ್ತದೆ, ಹತ್ತುವಾಗ ಇಲ್ಲ ಎಂದು ಒಬ್ಬ ಯಜಮಾನರು ನನಗೆ ಹೇಳಿದ್ದರು. ಬೊಲೆರೊ ಇಟ್ಟವರು, ಓದಿದ್ದು ನಾಲ್ಕನೇ ಕ್ಲಾಸು. ಅಷ್ಟು ಚೊಕ್ಕಟವಾಗಿ ಹೇಳಿದವರು ಅವರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಹಿಂದಿನ ಹೌಸಿಂಗ್ ಬಿಚ್ಚಿದೆ, ಪಿನಿಯನ್ ಬೇರಿಂಗ್ ಸಡಿಲಾಗಿತ್ತು. ಗೇರ್‌ಬಾಕ್ಸನ್ನು ನಾನು ಮುಟ್ಟಲೇ ಇಲ್ಲ.

ಗೇರ್ ಹಾಕುವಾಗ ‘ಕರ್ರ್’ ಎಂದು ಕಚ್ಚುವುದು ಬೇರೆಯದೇ ಜಾತಿ. ಎರಡನೇ ಗೇರಿಗೆ ಮಾತ್ರ, ಅದೂ ಮೂರರಿಂದ ಇಳಿಸುವಾಗ ಕಚ್ಚಿದರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿದೆ. ಹಿತ್ತಾಳೆಯ ಆ ರಿಂಗ್ ಗೇರಿನ ಕೋನಿಗೆ ಒತ್ತಿಕೊಂಡು ಎರಡರ ವೇಗ ಒಂದು ಮಾಡಿ, ಆಮೇಲೆ ಹಲ್ಲು ಸೇರಲು ಬಿಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಇದನ್ನು ಮೊದಲು ಕಾರಿಗೆ ಹಾಕಿತು. ಅದಿಲ್ಲದ ಹಳೆ ಲಾರಿಗಳನ್ನು ನಮ್ಮ ಹಿರಿಯರು ಎರಡೆರಡು ಸಲ ಕ್ಲಚ್ ಒತ್ತಿಯೇ ಘಾಟಿ ಹತ್ತಿಸಿದರು. ಅದೇ ವಿದ್ಯೆ ಇಲ್ಲಿ ಪರೀಕ್ಷೆಗೆ ಬರುತ್ತದೆ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಬಿಟ್ಟು ಸ್ವಲ್ಪ ರೇಸ್ ಕೊಟ್ಟು, ಮತ್ತೆ ಒತ್ತಿ ಎರಡನೇದು ಹಾಕಿದಾಗ ಕಚ್ಚದೆ ಬೆಣ್ಣೆಯಂತೆ ಕೂತರೆ ರಿಂಗೇ ಸವೆದಿರುವುದು. ಎಲ್ಲ ಗೇರೂ ಕಚ್ಚುತ್ತಿದ್ದರೆ ರಿಂಗನ್ನು ದೂರಬೇಡಿ. ನಿಂತಿರುವಾಗ ಕ್ಲಚ್ ಪೂರ್ತಿ ಒತ್ತಿ, ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಆಗಲೂ ಕಚ್ಚಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕೇಬಲ್ ಅಡ್ಜಸ್ಟ್‌ಮೆಂಟೋ, ಹೈಡ್ರಾಲಿಕ್ಕಿನಲ್ಲಿ ಗಾಳಿ ಸೇರಿರುವುದೋ, ಸ್ಲೇವ್ ಸಿಲಿಂಡರ್ ಸೋರುವುದೋ, ಹೊರಗಿನಿಂದಲೇ ಸರಿಯಾಗುವ ಕೆಲಸ ಎಷ್ಟೋ ಸಲ.

ರಿವರ್ಸಿನಲ್ಲಿ ಹೋಗುವಾಗ ‘ಊಂಯ್’ ಎಂದು ಕೂಗುವುದಕ್ಕೆ ಹೆದರಿ ಬರುವವರೂ ಇದ್ದಾರೆ. ಬಹಳಷ್ಟು ಗಾಡಿಗಳಲ್ಲಿ ಮುಂದಿನ ಗೇರುಗಳ ಹಲ್ಲು ಓರೆ, ರಿವರ್ಸಿನದು ನೇರ. ನೇರ ಹಲ್ಲು ಕೂಗುತ್ತದೆ. ಷೋರೂಮಿನಿಂದ ಬಂದ ದಿನವೂ ಕೂಗುತ್ತಿತ್ತು, ನೀವು ಕೇಳಿಸಿಕೊಂಡಿರಲಿಲ್ಲ.

ಈಗ ಎಣ್ಣೆಯ ವಿಚಾರಕ್ಕೆ ಬರುತ್ತೇನೆ. ಕಿವಿಯ ನಂತರ ನಾನು ನಂಬುವುದು ಇದನ್ನೇ. ಇಂಜಿನ್ ಆಯಿಲಿನ ಒತ್ತಡ ಕಮ್ಮಿಯಾದರೆ ಮೀಟರಿನಲ್ಲಿ ಕೆಂಪು ದೀಪ ಬರುತ್ತದೆ. ಗೇರ್‌ಬಾಕ್ಸಿಗೆ ಅಂಥ ದೀಪ ಇಲ್ಲ, ಬಹುತೇಕ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೂ ಇಲ್ಲ. ಸಣ್ಣ ಕಾರಿನ ಬಾಕ್ಸಿನಲ್ಲಿ ಇರುವುದೇ ಎರಡು ಲೀಟರಿನ ಆಸುಪಾಸು. ಆಕ್ಸಲ್ ಸೀಲಿನಿಂದ ಹನಿಹನಿ ಸೋರಿ ಅರ್ಧಕ್ಕೆ ಬಂದರೂ ನಿಮಗೆ ಗೊತ್ತಾಗುವುದು ಬೇರಿಂಗ್ ಕೂಗಿದಾಗಲೇ. ನಿಲ್ಲಿಸಿದ ಜಾಗದಲ್ಲಿ ಕಲೆ ಬಿದ್ದಿದ್ದರೆ ಬೆರಳಿಗೆ ಹಚ್ಚಿ ಮೂಸಿ. ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್.

ಮಟ್ಟ ನೋಡಿಸುವಾಗ ಗಾಡಿ ಸಮತಟ್ಟಾಗಿ ಇರಲಿ. ಪಕ್ಕದಲ್ಲಿರುವ ಫಿಲ್ಲರ್ ಬೋಲ್ಟ್ ಬಿಚ್ಚಿ, ಕಿರುಬೆರಳು ಬಗ್ಗಿಸಿ ಒಳಗಿಟ್ಟರೆ ತೂತಿನ ಅಂಚಿಗೇ ಎಣ್ಣೆ ತಾಗಬೇಕು, ಹೆಚ್ಚಿನ ಬಾಕ್ಸುಗಳಲ್ಲಿ ಅದೇ ಮಟ್ಟ. ಎಣ್ಣೆ ಇಳಿಸಬೇಕಾದರೆ ಮೊದಲು ಬಿಚ್ಚಬೇಕಾದ್ದು ಈ ಮೇಲಿನ ಬೋಲ್ಟನ್ನು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದೆ ಕೂತರೆ ಗಾಡಿ ಅಲ್ಲೇ ಉಳಿಯಿತು.

ಎಣ್ಣೆ ಇಳಿಸುವಾಗ ಟೀ ಕುಡಿಯಲು ಹೋಗಬೇಡಿ, ಪಕ್ಕದಲ್ಲೇ ನಿಲ್ಲಿ. ಕೆಳಗಿನ ಬೋಲ್ಟಿನ ತುದಿಯಲ್ಲಿ ಹಲವು ಗಾಡಿಗಳಿಗೆ ಅಯಸ್ಕಾಂತ ಇರುತ್ತದೆ. ಅದರ ಮೇಲೆ ನುಣ್ಣನೆಯ ಬೂದು ಲೇಪ ಇರುವುದು ಸಹಜ, ಲಕ್ಷ ಕಿಲೋಮೀಟರ್ ಓಡಿದ ಗೇರುಗಳ ಸವೆತ ಅದು. ಎರಡು ಬೆರಳಿನ ನಡುವೆ ಉಜ್ಜಿ. ಜಾರಿದರೆ ಚಿಂತೆಯಿಲ್ಲ, ಚುಚ್ಚಿದರೆ ಬೇರಿಂಗ್ ಉದುರಲು ಶುರುವಾಗಿದೆ. ಅಕ್ಕಿಕಾಳಿನಷ್ಟು ಚೂರು ಸಿಕ್ಕರೆ ಹಲ್ಲು ಮುರಿದಿರಬಹುದು, ಗಾಡಿ ಓಡಿಸದೆ ಬಾಕ್ಸ್ ಬಿಚ್ಚಿಸಿ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದನ್ನು ನೋಡಬೇಕಾದರೆ ಟ್ರೇ ಬಿಸಿಲಿಗೆ ಹಿಡಿದು ಎಣ್ಣೆಯನ್ನು ನಿಧಾನ ಅಲ್ಲಾಡಿಸಬೇಕು. ಚಿನ್ನದ ಪುಡಿ ಮಿಂಚಿದರೆ ಸಿಂಕ್ರೋ ರಿಂಗ್ ಸವೆಯುತ್ತಿದೆ. ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಮಳೆಯಲ್ಲಿ ಅಂಡರ್‌ಪಾಸಿನಲ್ಲಿ ಸಿಕ್ಕಿಕೊಂಡ ಗಾಡಿಗಳದ್ದು ಇದೇ ಕಥೆ. ಈ ಐದು ನಿಮಿಷದ ನೋಟ ಹೇಳುವಷ್ಟನ್ನು ಯಾವ ಎಸ್ಟಿಮೇಟೂ ಹೇಳುವುದಿಲ್ಲ.

ಹಾಕುವ ಎಣ್ಣೆ ಯಾವುದು ಎಂದರೆ ಅಂಗಡಿಯವರು ‘90 ನಂಬರ್’ ಎಂದು ಡಬ್ಬಿ ಕೊಡುತ್ತಾರೆ. ನಂಬರೊಂದೇ ಸಾಲದು. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುತ್ತದೆ. ಜಿಎಲ್-5 ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ನಿಗೆ ಒಳ್ಳೆಯದು. ಅದರಲ್ಲಿ ಗಂಧಕ-ರಂಜಕದ ಸೇರ್ಪಡೆ ಜಾಸ್ತಿ, ಕೆಲವು ಎಣ್ಣೆಗಳಲ್ಲಿ ಅದು ಹಿತ್ತಾಳೆಯನ್ನು ತಿನ್ನುತ್ತದೆ, ಸಿಂಕ್ರೋ ಹಿಡಿಯಬೇಕಾದ ಕಡೆ ಜಾರಿಸುತ್ತದೆ. ಗಾಡಿಯ ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. ಹೋಂಡಾದವರು ತಮ್ಮದೇ ತೆಳು ಎಣ್ಣೆ ಹೇಳುತ್ತಾರೆ, ಅದಕ್ಕೆ ದಪ್ಪ 90 ಸುರಿದು ಬೆಳಗಿನ ಹೊತ್ತು ಗೇರ್ ಬೀಳುವುದಿಲ್ಲ ಎಂದು ಬಾಕ್ಸನ್ನು ಬೈಯುವುದು ತಪ್ಪು.

ಎರಡು ಪೆಡಲಿನ ಗಾಡಿಯವರಿಗೆ ಚುಟುಕಾಗಿ ಹೇಳುತ್ತೇನೆ, ಅದು ನನ್ನ ನಿತ್ಯದ ಕೆಲಸವಲ್ಲ. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನುಯಲ್ ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಒಂದು ಆಕ್ಚುಯೇಟರ್ ಮಾಡುತ್ತದೆ. ಜರ್ಕ್ ಹೊಡೆದರೆ ಕ್ಲಚ್ ಸವೆತ, ಆಕ್ಚುಯೇಟರ್, ಅದರ ಸೆಟ್ಟಿಂಗ್ ಇಷ್ಟನ್ನು ಮೊದಲು ನೋಡಿಸಿ. ಆಟೊಮ್ಯಾಟಿಕ್ ಮತ್ತು ಸಿವಿಟಿಯವರು ಸ್ಕ್ಯಾನರ್ ಹಾಕಿಸಿ ಕೋಡ್ ಬರೆಸಿಕೊಳ್ಳದೆ, ಎಣ್ಣೆಯ ಮಟ್ಟ, ಬಣ್ಣ, ಸುಟ್ಟ ವಾಸನೆ ನೋಡಿಸದೆ ಯಾವ ಎಸ್ಟಿಮೇಟಿಗೂ ಹೂಂ ಅನ್ನಬೇಡಿ. ಆಟೊಮ್ಯಾಟಿಕ್ಕಿನಲ್ಲಿ ಇಂಜಿನ್ನಿಗೂ ಟಾರ್ಕ್ ಕನ್ವರ್ಟರಿಗೂ ನಡುವಿನ ಫ್ಲೆಕ್ಸ್ ಪ್ಲೇಟ್ ಸೀಳಿದರೆ ಇಲ್ಲವೇ ಅದರ ಬೋಲ್ಟ್ ಸಡಿಲಾದರೆ ಒಳಗೇನೋ ಮುರಿದುಬಿತ್ತು ಎನ್ನುವಷ್ಟು ಬಡಿಯುತ್ತದೆ.

ಗ್ಯಾರೇಜಿನಲ್ಲಿ ಮಾತಾಡುವ ರೀತಿಗೆ ಬಂದರೆ, ಕೀ ಕೊಟ್ಟು ಬಸ್ಸು ಹತ್ತಬೇಡಿ. ಮೆಕ್ಯಾನಿಕ್ ಜೊತೆ ನೀವೂ ಕೂತು, ನಿಮಗೆ ಸದ್ದು ಕೇಳುವ ವೇಗಕ್ಕೆ, ಗೇರಿಗೆ ಗಾಡಿ ತಂದು ಅವರಿಗೂ ಕೇಳಿಸಿ. ಬಿಚ್ಚಿ ನೋಡುವ ಕೂಲಿ ಎಷ್ಟು ಎಂದು ಮೊದಲೇ ಮಾತಾಡಿ, ಬಿಚ್ಚಿದ ಮೇಲೆ ನನ್ನನ್ನು ಕೇಳದೆ ಸಾಮಾನು ಹಾಕಬೇಡಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ತೆಗೆದ ಬೇರಿಂಗ್, ರಿಂಗ್, ಸೀಲ್ ಎಲ್ಲವನ್ನೂ ವಾಪಸ್ ಕೇಳಿ. ಹಳೆ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಕೆಟ್ಟದ್ದು ಬೆರಳಿಗೆ ಮರಳು ಸಿಕ್ಕಂತೆ ತಡೆಯುತ್ತದೆ. ಒಳ್ಳೆಯದಿದ್ದರೆ ಯಾಕೆ ತೆಗೆದರು ಎಂದು ಕೇಳುವ ಹಕ್ಕು ನಿಮಗಿದೆ. ಜಿಎಸ್‌ಟಿ ನಂಬರ್ ಇರುವ ಬಿಲ್ ಬಿಡಬೇಡಿ.

ಬಿಲ್ಲಿನ ಮಾತು ಯಾಕೆಂದರೆ, ನಮ್ಮದು ಬಾಡಿಗೆ ಗಾಡಿ, ಗ್ರಾಹಕರ ಕೋರ್ಟಿಗೆ ಹೋಗುವ ಹಾಗಿಲ್ಲ ಎಂದು ನಿಮ್ಮಲ್ಲಿ ಬಹಳ ಜನ ನಂಬಿದ್ದೀರಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ವಾಣಿಜ್ಯ ಉದ್ದೇಶದವರನ್ನು ಹೊರಗಿಟ್ಟಿದೆ ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸುವುದು ವಾಣಿಜ್ಯ ಉದ್ದೇಶವಲ್ಲ ಎಂದು ಅದೇ ಕಾಯ್ದೆಯ ವಿವರಣೆಯಲ್ಲಿದೆ. ನಿಮ್ಮ ಗಾಡಿ ನೀವೇ ಓಡಿಸಿ ಬದುಕುವವರು ಅದರೊಳಗೆ ಬರುತ್ತೀರಿ, ಹತ್ತು ಗಾಡಿ ಬಿಟ್ಟ ಟ್ರಾವೆಲ್ಸ್ ಮಾಲೀಕರ ಮಾತು ಬೇರೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ಹೋಗಬೇಕು. ಬಿಲ್, ಜಾಬ್ ಕಾರ್ಡ್, ಹಳೆ ಸಾಮಾನು ಇಲ್ಲದೆ ಹೋದರೆ ಮಾತ್ರ ನಿಮ್ಮ ಮಾತು ಅಲ್ಲಿ ನಿಲ್ಲುವುದು ಕಷ್ಟ.

ಇಡೀ ಬಾಕ್ಸ್ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಕೇಸಿಂಗ್ ಒಡೆದಿದ್ದರೆ, ಬೇರಿಂಗಿನ ಚೂರುಗಳು ಸುತ್ತಾಡಿ ಮೂರು ನಾಲ್ಕು ಗೇರಿನ ಹಲ್ಲು ತಿಂದಿದ್ದರೆ, ಶಾಫ್ಟಿನ ಮೇಲೇ ಗಾಯವಾಗಿದ್ದರೆ ಬಿಡಿ ಸಾಮಾನಿನ ಲೆಕ್ಕ ಬಾಕ್ಸಿನ ಬೆಲೆ ದಾಟುತ್ತದೆ. ಕೂಗುವ ಬೇರಿಂಗಿನಲ್ಲೇ ಆರು ತಿಂಗಳು ಓಡಿಸಿದವರಿಗೆ ಇದು ಬರುತ್ತದೆ. ಆಗ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೆ ಬಾಕ್ಸ್ ತರುವುದೂ ಒಂದು ದಾರಿ, ನಾನು ಬೇಡ ಅನ್ನುವುದಿಲ್ಲ. ನಿಮ್ಮ ಬಾಕ್ಸಿನ ಮೇಲಿನ ಕೋಡ್ ಫೋಟೊ ತೆಗೆದುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಯಲ್ಲೂ ಪೆಟ್ರೋಲಿನದು ಡೀಸೆಲ್ಲಿಗೆ ಹೊಂದುವುದಿಲ್ಲ. ದುಡ್ಡು ಕೊಡುವ ಮುಂಚೆ ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಒಂದೊಂದೇ ಗೇರ್ ಹಾಕಿ ಕೈಯಲ್ಲಿ ತಿರುಗಿಸಿ, ಉಳಿದ ಎಣ್ಣೆಯನ್ನು ಕಾಗದದ ಮೇಲೆ ಸುರಿದು ನೋಡಿ. ಎಣ್ಣೆ ಸುರಿಯಲು ಅಂಗಡಿಯವನು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಅಲ್ಲಿ ಅಂಗಡಿಗಳಿಗೇನೂ ಕೊರತೆಯಿಲ್ಲ.

ಇಂತಿ ನಿಮ್ಮ,
ಹಾಸನದ ಒಬ್ಬ ಗೇರ್‌ಬಾಕ್ಸ್ ಕೆಲಸಗಾರ